ಪಕ್ಕೆಯ ಉಣ್ಣೆ

ಜನವರಿ 11

ಸೊಸೆಗೆ,

ಫೋನಿನಲ್ಲಿ ಮಾತಾಡಿದರೆ ನನ್ನ ಮಂದ ಕಿವಿಗೆ ಅರ್ಧ ಬೀಳುತ್ತದೆ, ಉಳಿದರ್ಧವನ್ನು ನಾನೇ ಊಹಿಸಿಕೊಂಡು ಆಮೇಲೆ ಜಗಳವಾಗುತ್ತದೆ. ಅದಕ್ಕೇ ಕಾಗದ.

ನೀನು ಕಳಿಸಿದ ಫೋಟೊ ತಲುಪಿತು. ಮಗು ಚೆನ್ನಾಗಿದ್ದಾಳೆ. ಮೂಗು ನಿನ್ನದೇ. ತಲೆ ತುಂಬ ಗುಂಗುರು ಕೂದಲು, ಬೆರಳು ಹಾಕಿದರೆ ಸಿಕ್ಕಿಕೊಳ್ಳುವಂತಿದೆ. ಅಂಥ ಕೂದಲು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಫೋಟೊವನ್ನು ಕನ್ನಡಿಯ ಹಿಂದೆ ಜೋಪಾನವಾಗಿ ಇಟ್ಟಿದ್ದೇನೆ.

ಈಗ ಕೆಲಸದ ಮಾತು. ದಿವಾನನ ಮರಿಗಳಲ್ಲಿ ಎರಡು ಈ ಸಲ ಕೂದಲು ಹೊದ್ದು ಹುಟ್ಟಿವೆ. ದಿವಾನ ಎಂದರೆ ನಮ್ಮ ಬೀಜದ ಟಗರು, ನೀನು ಮದುವೆಯಾಗಿ ಬಂದ ವಾರವೇ ನಿನ್ನ ಹೊಸ ಶಾಲಿನ ಅಂಚು ತಿಂದವನು. ಅವನ ಮೈ ಮುಟ್ಟಿದರೆ ಬೆಣ್ಣೆ. ಈ ಎರಡನ್ನು ಮುಟ್ಟಿದರೆ ಪೊರಕೆ. ನಮ್ಮ ಮಂದೆಯಲ್ಲಿ ಹೀಗೆ ಆದದ್ದಿಲ್ಲ. ಬೇಲಿಯಾಚೆಯವನ ಹತ್ತಿರ ಒಂದು ಕೂದಲು ಟಗರು ಇದೆ, ಮಾಂಸಕ್ಕೆಂದು ಸಾಕಿದ್ದು. ಅದು ನಮ್ಮ ಹೆಣ್ಣು ಕುರಿಗಳನ್ನು ನೋಡುವ ರೀತಿ ನನಗೆ ಯಾವತ್ತೂ ಸರಿಬಂದಿಲ್ಲ. ಗೇಟಿನ ಕೀಲಿ ಇರುವುದು ವಾಚಾಳಿಯ ಕೈಯಲ್ಲಿ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವ ಆ ಕುರಿಗಾಹಿಗೆ ವಾಚಾಳಿ ಎಂದು ಹೆಸರಿಟ್ಟದ್ದು ನಿನ್ನ ಮಾವ, ತೀರಿಕೊಳ್ಳುವ ತನಕ ಆ ಹೆಸರಿಗೆ ತಾವೇ ನಗುತ್ತಿದ್ದರು. ಮಾತಾಡದವನ ಹೊಟ್ಟೆಯಲ್ಲಿ ಏನಿದೆ ಎಂದು ಯಾರಿಗೆ ಗೊತ್ತು? ಗೇಟು ತೆರೆದಿಟ್ಟಿದ್ದೆಯಾ ಎಂದು ಕೇಳಿದೆ. "ಇಲ್ಲ" ಅಂದ. ಅಷ್ಟೇ.

ವಸಂತದಲ್ಲಿ ತಳಿ ಸಂಘದವರು ಬರುತ್ತಾರೆ. ಈ ಮರಿಗಳು ದಿವಾನನವೇ ಎಂದಾದರೆ ಅವನ ಕಥೆ ಮುಗಿಯಿತು. ನಿಮ್ಮ ಲ್ಯಾಬಿನಲ್ಲಿ ನಾಲ್ಕು ಕೂದಲು ನೋಡಿ ಅಪ್ಪ ಯಾರೆಂದು ಹೇಳುತ್ತೀರಂತೆ. ನಿನ್ನ ಗಂಡ ಜಂಬ ಕೊಚ್ಚಿಕೊಳ್ಳುತ್ತಿದ್ದ. ಏನು ಮಾಡಬೇಕು ಬರೆ.

ಮಗುವನ್ನು ನೋಡಲು ಯಾವಾಗ ಬರುತ್ತೀರಿ ಎಂದು ಕೇಳಿದ್ದೀಯ. ಮರಿ ಹಾಕುವ ಕಾಲ. ದೊಡ್ಡಿ ಬಿಟ್ಟು ಬರಲಾರೆ.

ನಿನ್ನ ಅತ್ತೆ


ಜನವರಿ 20

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಲಕೋಟೆ ಬಿಚ್ಚಲು ಕತ್ತರಿ ಸಾಲದೆ ನಿಮ್ಮ ಮಗ ಅಡುಗೆಮನೆಯಿಂದ ಚಾಕು ತಂದರು. ಇಷ್ಟೊಂದು ಮೈದಾ ಅಂಟು ಮೆತ್ತಿದರೆ ಒಳಗೆ ಏನೋ ನಿಧಿ ಇದೆ ಎಂದುಕೊಳ್ಳಬೇಕಾಗುತ್ತದೆ. ಅಂಗಡಿಯಲ್ಲಿ ಗೋಂದು ಸಿಗುತ್ತದೆ.

ಕೂದಲಿನ ಮಾತು ಮೊದಲು. ಅಂಥ ಕೂದಲು ನನ್ನ ತವರಿನಲ್ಲೂ ಯಾರಿಗೂ ಇಲ್ಲ. ಅಂಥದ್ದು ನಮ್ಮ ಮನೆಯಲ್ಲಿಲ್ಲ ಎಂದು ಬರೆದು, ಅದರ ಬೆನ್ನಿಗೇ ಬೇಲಿ ಹಾರುವ ಟಗರಿನ ಕಥೆ ಬರೆದದ್ದು ನನಗೆ ಕಾಣಿಸಿತು. ಕಾಣಿಸಲಿ ಎಂದೇ ಬರೆದಿದ್ದರೆ, ಕಾಣಿಸಿತು.

ಈಗ ಮರಿಗಳು. ಉಣ್ಣೆ ನವಿರೋ ಕೂದಲೋ ಎಂಬುದನ್ನು ನಿರ್ಧರಿಸುವ ಜೀನಿಗೆ ಒಂದೊಂದು ಕುರಿಯಲ್ಲೂ ಎರಡೆರಡು ಪ್ರತಿ ಇರುತ್ತವೆ, ತಾಯಿಯದೊಂದು, ತಂದೆಯದೊಂದು. ಕುರಿಗಳು ಕಾಡಿನಲ್ಲಿದ್ದಾಗ ಎಲ್ಲಕ್ಕೂ ಕೂದಲೇ ಇತ್ತು. ಆ ಹಳೆಯ ಪ್ರತಿ ಇನ್ನೂ ಕೆಲವು ಮಂದೆಗಳಲ್ಲಿ ಸದ್ದಿಲ್ಲದೆ ಉಳಿದಿದೆ. ಒಂದೇ ಪ್ರತಿ ಇದ್ದರೆ ಮೇಲೆ ಏನೂ ಕಾಣುವುದಿಲ್ಲ, ಮೈಯೆಲ್ಲ ಬೆಣ್ಣೆಯೇ. ಅಂಥ ಇಬ್ಬರು ಕೂಡಿದರೆ ಕೆಲವು ಮರಿಗಳಿಗೆ ಎರಡೂ ಕಡೆಯಿಂದ ಹಳೆಯದೇ ಬಂದು ಪೊರಕೆ ಹುಟ್ಟುತ್ತದೆ. ಯಾರೂ ಬೇಲಿ ಹಾರಬೇಕಾಗಿಲ್ಲ.

ಆದರೂ ಪರೀಕ್ಷೆಯಾಗಲಿ. ಜೊತೆಯಲ್ಲಿ ಸಣ್ಣ ಕವರುಗಳನ್ನು ಇಟ್ಟಿದ್ದೇನೆ. ಕೂದಲು ಮರಿಗಳೆರಡು, ಹೋಲಿಸಿ ನೋಡಲು ಒಳ್ಳೆಯ ಉಣ್ಣೆಯ ಮರಿ ಒಂದು, ದಿವಾನ, ಮತ್ತು ಮರಿ ಹಾಕಿದ ಕುರಿಗಳೆಲ್ಲ. ಪಕ್ಕೆಯಿಂದಲೇ ಕೀಳಬೇಕು, ಅಳತೆಗೆ ನಾವು ಪಕ್ಕೆಯ ಉಣ್ಣೆಯನ್ನೇ ಹಿಡಿಯುವುದು. ತಲೆ, ಕಾಲು, ಬಾಲ ಯಾವುದೂ ಬೇಡ. ಕತ್ತರಿಸಬಾರದು, ಬುಡ ಸಮೇತ ಬರಬೇಕು. ಪ್ರತಿ ಕವರಿನ ಮೇಲೆ ಕಿವಿಯ ಬಿಲ್ಲೆಯ ನಂಬರು.

ಮರಿ ಹಾಕುವ ಕಾಲ ಮುಗಿದ ಮೇಲೆ ಬರುತ್ತೀರಿ ಎಂದು ತಿಳಿಯಲೇ?

ನಿಮ್ಮ ಸೊಸೆ


ಫೆಬ್ರವರಿ 2

ಸೊಸೆಗೆ,

ಕವರುಗಳನ್ನು ಕಳಿಸಿದ್ದೇನೆ. ಕಿತ್ತವನು ವಾಚಾಳಿ. ನಾನು ಮಂಚದ ಮೇಲಿದ್ದೇನೆ. ಮುದುಕಿ ಎಂದು ಕರೆಯುತ್ತಿದ್ದ ನಮ್ಮ ಹಳೆಯ ಕುರಿಗೆ ಮರಿ ಅಡ್ಡ ಬಂದಿತ್ತು. ಮೊಣಕೈ ತನಕ ಕೈ ಹಾಕಿ ನಾನೇ ತಿರುಗಿಸಿ ಎಳೆದೆ. ಮರಿ ಬದುಕಿತು, ಮುದುಕಿ ಹೋದಳು. ಕಣ್ಣೀರು ಒರೆಸಿಕೊಂಡು, ಮರಿಯ ಕಿವಿಗೆ ಬಿಲ್ಲೆ ಹಾಕಿ ಏಳುವಾಗ ಕಾಲು ಉಳುಕಿ ಬಿದ್ದೆ. ಪಾದ ಊದಿಕೊಂಡು ಕುಂಬಳಕಾಯಿಯಾಗಿದೆ. ಆ ಮರಿಯ ಉಣ್ಣೆ ಸೊಗಸು, ಹೆಬ್ಬೆಟ್ಟಿನ ಉಗುರಿನ ಮೇಲೆ ಇಟ್ಟರೆ ಅಲೆ ಅಲೆಯಾಗಿ ಕೂರುತ್ತದೆ. ಹೋಲಿಕೆಗೆ ಅದನ್ನೇ ಕಳಿಸು ಎಂದು ವಾಚಾಳಿಗೆ ಹೇಳಿದ್ದೆ.

ಕಿಟಕಿಯಿಂದ ದೊಡ್ಡಿಯ ಒಂದು ಮೂಲೆ ಮಾತ್ರ ಕಾಣುತ್ತದೆ. ವಾಚಾಳಿ ಕಾಣದ ಮೂಲೆಯಲ್ಲೇ ಹೆಚ್ಚು ಹೊತ್ತು ಇರುತ್ತಾನೆ. ಏನು ಮಾಡುತ್ತಿದ್ದೆ ಎಂದರೆ "ಕೆಲಸ" ಅನ್ನುತ್ತಾನೆ. ಮೊನ್ನೆ ಅಂಗಿಯ ತೋಳಿಗೆ ರಕ್ತ ಮಾಡಿಕೊಂಡು ಒಳಗೆ ಬಂದ. ಯಾಕೆಂದು ಕೇಳುವ ಮೊದಲೇ ಹೊರಟುಹೋದ.

ಮಂಚದ ಮೇಲೆ ಕೂತರೆ ಬೇಡದ ಯೋಚನೆ ಬರುತ್ತದೆ. ಒಂದು ಮಾತು ತಿಳಿಸು. ನಿನ್ನ ಪರೀಕ್ಷೆ ಅಪ್ಪನನ್ನು ಮಾತ್ರ ಹೇಳುತ್ತದೆಯೋ, ತಾಯಿಯನ್ನೂ ಹೇಳುತ್ತದೆಯೋ? ಅಜ್ಜಿಯ ತನಕ ಹೋಗುತ್ತದೆಯೇ? ಮನುಷ್ಯರಿಗೂ ಇದೇ ಲೆಕ್ಕವೇ? ಸುಮ್ಮನೆ ಕೇಳಿದೆ.

ಪಾದ ವಾಸಿಯಾಗುವ ತನಕ ಪ್ರಯಾಣ ಆಗದು.

ನಿನ್ನ ಅತ್ತೆ


ಫೆಬ್ರವರಿ 24

ಅತ್ತೆಯವರಿಗೆ,

ಕಾಲಿಗೆ ಬಿಸಿನೀರಿನ ಶಾಖ ಕೊಡಿ, ನಡೆಯಬೇಡಿ ಎಂದು ನಿಮ್ಮ ಮಗ ಹೇಳುತ್ತಿದ್ದಾರೆ.

ಫಲಿತಾಂಶ ಬಂದಿದೆ. ಎರಡೂ ಕೂದಲು ಮರಿಗಳು ದಿವಾನನವೇ. ಆಚೆಯ ಟಗರು ಪಾಪ, ನೋಡಿದ್ದಷ್ಟೇ. ದಿವಾನನಲ್ಲಿ ಹಳೆಯ ಪ್ರತಿ ಒಂದು ಅಡಗಿದೆ, ಆ ಮರಿಗಳ ತಾಯಂದಿರಲ್ಲೂ ಇದೆ. ಎರಡರ ಜೀನಿನಲ್ಲೂ ಒಂದೇ ಬರಹ, ಆದರೂ ಒಂದರ ಕೂದಲು ಇನ್ನೊಂದಕ್ಕಿಂತ ಬಹಳ ಒರಟು. ಅದರ ತಾಯಿಗೆ ಗಬ್ಬದಲ್ಲಿ ಮೇವು ಕಡಿಮೆ ಬಿದ್ದಿತ್ತೇ? ಬರೆದಿರುವುದು ಒಂದು, ಓದಿಸಿಕೊಳ್ಳುವುದು ಇನ್ನೊಂದು. ತಾಯಿ ತಿಂದದ್ದು, ಹಸಿದದ್ದು, ಹೆದರಿದ್ದು ಇವೆಲ್ಲ ಮರಿಯ ಚರ್ಮದಲ್ಲಿ ಗುರುತು ಬಿಡುತ್ತವೆ. ಕೆಲವು ಜೀನುಗಳಿಗೆ ಬಾಗಿಲು ತೆರೆಯುತ್ತದೆ, ಕೆಲವಕ್ಕೆ ಚಿಲಕ ಬೀಳುತ್ತದೆ. ಇದಕ್ಕೆ ಎಪಿಜೆನೆಟಿಕ್ಸ್ ಎನ್ನುತ್ತೇವೆ. ಎಷ್ಟು ಗುರುತು, ಎಷ್ಟು ಕಾಲ ಎಂದು ನಾವೇ ಇನ್ನೂ ತಡಕಾಡುತ್ತಿದ್ದೇವೆ.

ಸಮಸ್ಯೆ ಇರುವುದು ಮೂರನೆಯದರಲ್ಲಿ. ಒಳ್ಳೆಯ ಉಣ್ಣೆಯದು ಎಂದು ನೀವು ಬರೆದ ಮರಿಯ ಕವರಿನಲ್ಲಿ ಇದ್ದದ್ದು ಒರಟು ಕೂದಲು. ಅದರ ತಂದೆ ದಿವಾನನೇ. ತಾಯಿ ಮುದುಕಿಯಲ್ಲ. ಕವರಿನ ಮೇಲೆ ಕಿವಿಹರುಕಿ ಎಂದು ಬರೆದಿದ್ದ ಕುರಿ ಅದರ ತಾಯಿ. ಎರಡು ಸಲ ಮಾಡಿಸಿದೆ, ಅದೇ ಬಂತು. ವಾಚಾಳಿಗೆ ಫೋನ್ ಮಾಡಿ ಆ ಮರಿ ಯಾರ ಹಾಲು ಕುಡಿಯುತ್ತಿದೆ ಎಂದು ಕೇಳಿದೆ. "ಕಿವಿಹರುಕಿ" ಅಂದರು. ಇಟ್ಟುಬಿಟ್ಟರು. ಮರಿಯ ಹುಟ್ಟಿನ ವಿಷಯದಲ್ಲಿ ಯಾರೋ ನಿಮಗೆ ಸುಳ್ಳು ಹೇಳಿದ್ದಾರೆ, ಇಲ್ಲವೇ ನೀವು ನನಗೆ. ತಾಯಿ ಯಾರೆಂದು ಬಿಲ್ಲೆಯನ್ನು ಕೇಳಿ ಪ್ರಯೋಜನವಿಲ್ಲ. ಮೈ ಹೇಳುತ್ತದೆ.

ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ತಾಯಿಯನ್ನೂ ಹೇಳುತ್ತದೆ, ಅಜ್ಜಿಯನ್ನೂ ಹೇಳುತ್ತದೆ. ಹೌದು, ಮನುಷ್ಯರಿಗೂ. ಇಷ್ಟು ಸುತ್ತಿ ಬಳಸಿ ಕೇಳುವ ಬದಲು ನೇರವಾಗಿ ಕೇಳಿ ಅತ್ತೆ. ನನ್ನ ಮಗಳು ನಿಮ್ಮ ಮಗನ ಮಗಳೋ ಅಲ್ಲವೋ ಎಂಬ ಅನುಮಾನ ನಿಮಗಿದ್ದರೆ ನನಗೇನೂ ಹೆದರಿಕೆಯಿಲ್ಲ. ನಿಮ್ಮ ತಲೆಯಿಂದ ನಾಲ್ಕು ಕೂದಲು ಬುಡ ಸಮೇತ ಕಿತ್ತು ಕಳಿಸಿ. ನಿಮ್ಮದು, ನಿಮ್ಮ ಮಗನದು, ಮಗುವಿನದು ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತೇನೆ. ಆಮೇಲಾದರೂ ಬಂದು ಅವಳನ್ನು ಎತ್ತಿಕೊಳ್ಳುತ್ತೀರಾ?

ನಿಮ್ಮ ಸೊಸೆ


ಮಾರ್ಚ್ 1

ಸೊಸೆಗೆ,

ಅಂಥ ಕೆಲಸ ಮಾಡಬೇಡ. ನಮ್ಮ ಮನೆಯವರದು ಯಾರದೂ ಪರೀಕ್ಷೆ ಮಾಡಬೇಡ. ನನ್ನದಂತೂ ಬೇಡವೇ ಬೇಡ. ನನ್ನ ಮಾತಿಗೆ ಬೆಲೆ ಇದ್ದರೆ ಕುರಿಯ ಪರೀಕ್ಷೆಯನ್ನೂ ಇಲ್ಲಿಗೆ ನಿಲ್ಲಿಸು.

ಮುದುಕಿಯ ಮರಿಯನ್ನು ನನ್ನ ಕೈಯಾರೆ ಎಳೆದೆ. ಬಿಸಿಯಾಗಿತ್ತು, ಅವಳ ಹೊಟ್ಟೆಯಿಂದಲೇ ಬಂತು. ಅದು ಅವಳದಲ್ಲ ಎಂದು ಊರಾಚೆ ಕೂತು ಹೇಳುತ್ತೀಯ. ಸುಳ್ಳು ನಾನೇ ಹೇಳಿರಬಹುದು ಎನ್ನುತ್ತೀಯ. ಏನು ತಿಳಿದುಕೊಂಡು ಹೀಗೆ ಬರೆದೆ? ಯಾರು ನಿನ್ನ ಕಿವಿ ಊದಿದರು?

ವಾಚಾಳಿಗೆ ದೊಡ್ಡಿಗೆ ಬರಬೇಡ ಅಂದಿದ್ದೇನೆ. ನಿನ್ನ ಹತ್ತಿರ ಫೋನಿನಲ್ಲಿ ಮಾತಾಡಿದವನು ನನಗೆ ಹೇಳಲಿಲ್ಲ. ಮರಿ ಬದಲಾಯಿಸಿದೆಯಾ ಎಂದು ಕೇಳಿದೆ. ನನ್ನ ಮುಖ ನೋಡಿದ, ಟೋಪಿ ಹಾಕಿಕೊಂಡ, ಹೋದ.


ಮಾರ್ಚ್ 19

ಅತ್ತೆಯವರಿಗೆ,

ನೀವು ಪರೀಕ್ಷೆ ಬೇಡ ಎಂದಿರಿ. ನನಗೆ ಅರ್ಥವಾಯಿತು. ತೀರ್ಪು ಬರೆದಿಟ್ಟವರಿಗೆ ಸಾಕ್ಷಿ ಬೇಡ.

ಯಾರೂ ನನ್ನ ಕಿವಿ ಊದಿಲ್ಲ. ಊದಲು ಏನಿದೆ ಎಂದು ಈಗ ಯೋಚಿಸುತ್ತಿದ್ದೇನೆ. ಹೆರಿಗೆಯಾಗಿ ಮನೆಗೆ ಬಂದ ದಿನದಿಂದ ಒಂದೇ ಕೇಳಿದ್ದೆ, ಬಂದು ಮಗುವನ್ನು ನೋಡಿ ಎಂದು. ಮರಿ ಹಾಕುವ ಕಾಲ, ಕಾಲು ಉಳುಕು, ಈಗ ಇದು. ಕುರಿ ಸತ್ತರೆ ಅಳುತ್ತೀರಿ. ಮೊಮ್ಮಗಳ ಫೋಟೊ ಕನ್ನಡಿಯ ಹಿಂದೆ ಇಡುತ್ತೀರಿ. ಹಿಂದೆ, ಅತ್ತೆ. ಮುಂದೆ ಅಲ್ಲ.

ಅಮ್ಮನಿಗೆ ನನ್ನ ಮೇಲೆ ಅನುಮಾನವೇ ಎಂದು ನಿಮ್ಮ ಮಗನನ್ನು ಕೇಳಿದೆ. "ಅಮ್ಮಂಗೆ ಎಲ್ಲರ ಮೇಲೂ ಅನುಮಾನ, ಹಾಲಿನವನ ಲೀಟರ್ ಮೇಲೂ," ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಳು ಬಂತು.

ದಿವಾನನ ವಿಷಯ ತಳಿ ಸಂಘಕ್ಕೆ ಬೇರೆ ಕಾಗದ ಬರೆದಿದ್ದೇನೆ. ಹಳೆಯ ಪ್ರತಿ ಇಲ್ಲದ ಕುರಿಗಳ ಜೊತೆ ಮಾತ್ರ ಬಿಟ್ಟರೆ ಅವನಿಂದ ಕೂದಲು ಮರಿ ಹುಟ್ಟುವುದಿಲ್ಲ, ಅವನನ್ನು ತೆಗೆಯಬೇಕಾಗಿಲ್ಲ. ನನ್ನ ಕೆಲಸ ಮುಗಿಯಿತು. ಇನ್ನು ಮುಂದೆ ನಿಮ್ಮ ಮಗನೇ ಬರೆಯುತ್ತಾರೆ.


ಏಪ್ರಿಲ್ 8

ಸೊಸೆಗೆ,

ಇದನ್ನು ನೀನೊಬ್ಬಳೇ ಓದು. ಬೈದರೂ ಸರಿ, ಅಂಟು ಹೆಚ್ಚೇ ಹಚ್ಚಿದ್ದೇನೆ.

ಕಾಲು ನೆಲಕ್ಕೆ ಊರುವಂತಾದ ಮೇಲೆ ದೊಡ್ಡಿಯ ಹಿಂಭಾಗಕ್ಕೆ ಹೋದೆ. ನನ್ನ ಕಿಟಕಿಗೆ ಕಾಣದ ಮೂಲೆ ಅದು. ಬೇಲಿಯ ತಂತಿಯ ಮೇಲೆ ಒಂದು ಪುಟ್ಟ ತೊಗಲು ಒಣಗಿ ಸೆಟೆದುಕೊಂಡಿತ್ತು. ಮೇಲೆ ಒರಟು ಕೂದಲು. ಕಾಲುಗಳಿಗೆ ನಾಲ್ಕು ತೂತು. ನೋಡಿದ ಕೂಡಲೇ ಎಲ್ಲ ತಿಳಿಯಿತು.

ನೀನು ಲ್ಯಾಬಿನವಳು, ಇದು ನಿನಗೆ ಗೊತ್ತಿರಲಿಕ್ಕಿಲ್ಲ. ಕುರಿ ತನ್ನ ಮರಿಯನ್ನು ಗುರುತಿಸುವುದು ಮೂಗಿನಿಂದ. ಬೇರೆ ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಹಾಯ್ದು ಎಸೆಯುತ್ತದೆ. ಒಬ್ಬಳ ಮರಿ ಸತ್ತು, ಇನ್ನೊಂದು ಮರಿಗೆ ತಾಯಿ ಸತ್ತಿದ್ದರೆ, ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಅಂಗಿಯಂತೆ ತೊಡಿಸುತ್ತಾರೆ. ತಾಯಿ ಮೂಸುತ್ತದೆ, ತನ್ನದೇ ವಾಸನೆ, ಹಾಲು ಬಿಡುತ್ತದೆ. ಮೂರು ನಾಲ್ಕು ದಿನ ಕಳೆದು ಅಂಗಿ ಬಿಚ್ಚಿದರೂ ಅಷ್ಟರಲ್ಲಿ ತಬ್ಬಲಿ ಆ ತಾಯಿಯದೇ ಮರಿ.

ನಾನು ಮಂಚ ಹಿಡಿದ ದಿನವೇ ಕಿವಿಹರುಕಿಯ ಮರಿ ಸತ್ತಿತ್ತು. ಅದೂ ಕೂದಲು ಮರಿಯೇ. ವಾಚಾಳಿ ಅದರ ಚರ್ಮವನ್ನು ಮುದುಕಿಯ ಮರಿಗೆ ತೊಡಿಸಿದ್ದಾನೆ. ನಿನ್ನ ಕವರು ಬಂದಾಗ ಮರಿ ಆ ಅಂಗಿಯಲ್ಲೇ ಇತ್ತು. ಅವನ ಮನೆಗೆ ಕುಂಟುತ್ತ ಹೋಗಿ ಬಾಗಿಲು ತಟ್ಟಿದೆ. ಯಾಕೆ ಹೀಗೆ ಮಾಡಿದೆಯೋ ಎಂದೆ. "ಪಕ್ಕೆಯಿಂದ್ಲೇ ಕೀಳು ಅಂತ ಬರ್ದಿತ್ತು. ಕಿತ್ತೆ," ಅಂದ. ಪಕ್ಕೆಯ ಮೇಲೆ ಇದ್ದದ್ದು ಸತ್ತ ಮರಿಯ ಉಣ್ಣೆ. ಕಿವಿಹರುಕಿ ಮೋಸ ಹೋದ ಹಾಗೇ ನಿನ್ನ ಲ್ಯಾಬೂ ಮೋಸ ಹೋಯಿತು. ನಗಬೇಕೆನಿಸಿದರೆ ನಗು. ನಾನು ಅವನ ಹೊಸ್ತಿಲ ಮೇಲೆ ಕೂತು ಅತ್ತೆ.

ಯಾಕೆಂದು ಈಗ ಹೇಳುತ್ತೇನೆ.

ಉಣ್ಣೆ ಕತ್ತರಿಸುವ ತಂಡದಲ್ಲಿ ಒಬ್ಬ ಹೆಂಗಸು ವರ್ಷವೂ ಬರುತ್ತಿದ್ದಳು. ಕತ್ತರಿ ಹಿಡಿದರೆ ಗಂಡಸರು ಹಿಂದೆ ಬೀಳುತ್ತಿದ್ದರು. ತಲೆ ತುಂಬ ಗುಂಗುರು. ಅದರಲ್ಲಿ ಉಣ್ಣೆಯ ಚೂರು ಸಿಕ್ಕಿಕೊಂಡು, ಸಂಜೆ ಅವಳೂ ನಾನೂ ಕೂತು ಬಿಡಿಸುತ್ತ, ಯಾವುದು ಉಣ್ಣೆ, ಯಾವುದು ಕೂದಲು ಎಂದು ನಗುತ್ತಿದ್ದೆವು. ಕೊನೆಯ ವರ್ಷ ಇಬ್ಬರೂ ತುಂಬು ಬಸುರಿಯರು. ನನ್ನ ಮಗು ಒಂದು ದಿನ ಉಸಿರಾಡಿ ಹೋಯಿತು. ಅದೇ ವಾರ ಅವಳು ಉಣ್ಣೆ ತುಂಬುವ ಕೋಣೆಯಲ್ಲಿ ಹೆತ್ತು ಕಣ್ಣು ಮುಚ್ಚಿದಳು. ಅವಳ ಕಡೆಯವರು ಎಂದು ಯಾರೂ ಬರಲಿಲ್ಲ.

ನಾನು ಹೆಣೆದ ಅಂಗಿ ನನ್ನ ಮಗು ತೊಟ್ಟದ್ದು ಆ ಒಂದೇ ದಿನ. ಅದನ್ನು ಮುಖಕ್ಕೆ ಒತ್ತಿಕೊಂಡು ಮಲಗಿರುತ್ತಿದ್ದೆ, ಒಗೆಯಲು ಕೊಟ್ಟಿರಲಿಲ್ಲ. ತಬ್ಬಲಿಯನ್ನು ತಂದು ತೋರಿಸಿದರು. ತೆಗೆದುಕೊಂಡು ಹೋಗಿ ಎಂದು ಕಿರುಚಿದೆ. ಆಗ ಬಾಗಿಲಲ್ಲಿ ನಿಂತಿದ್ದ ವಾಚಾಳಿ, ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ ಅವನಿಗೆ, "ಆ ಅಂಗಿ ಇದಕ್ಕೆ ತೊಡ್ಸಿ ನೋಡೋಣ, ಅಕ್ಕಾ" ಅಂದ. ನಿನ್ನ ಮಾವ ಅವನನ್ನು ಹೊಡೆಯಲು ಹೋದರು. ನಾನು ತಡೆದೆ. ತೊಡಿಸಿದರು. ಮೂಸಿದೆ. ನನಗೆ ಹಾಲು ಇಳಿಯಿತು.

ಆ ತಬ್ಬಲಿಯೇ ನಿನ್ನ ಗಂಡ. ಗೊತ್ತಿದ್ದ ಸೂಲಗಿತ್ತಿಯೂ ಇಲ್ಲ, ನಿನ್ನ ಮಾವನೂ ಇಲ್ಲ. ಉಳಿದವನು ವಾಚಾಳಿ. ಅವನು ಮಾತು ಬಿಟ್ಟದ್ದು ಆಮೇಲೆಯೇ, ಬಾಯಿ ಜಾರೀತು ಎಂದು. ಅಂಥವನನ್ನು ಮರಿ ಬದಲಾಯಿಸಿದವನು ಎಂದೆ.

ನಮ್ಮ ಮನೆಯಲ್ಲಿ ಯಾರಿಗೂ ಅಂಥ ಕೂದಲು ಇಲ್ಲ ಎಂದದ್ದು ಸುಳ್ಳು. ನಿನ್ನ ಗಂಡನಿಗೆ ನಡೆಯಲು ಕಲಿಯುವ ತನಕ ಅದೇ ಗುಂಗುರು ಇತ್ತು, ಆಮೇಲೆ ನೆಟ್ಟಗಾಯಿತು. ನಾನು ಸಮಾಧಾನಪಟ್ಟುಕೊಂಡೆ. ಇಷ್ಟು ವರ್ಷದ ಮೇಲೆ ಮಗುವಿನ ಫೋಟೊದಲ್ಲಿ ಆ ಹೆಂಗಸೇ ನನ್ನನ್ನು ನೋಡಿದಳು. ಕನ್ನಡಿಯ ಮುಂದೆ ಇಡಲು ಧೈರ್ಯ ಬರಲಿಲ್ಲ. ಬಂದು ಮಗುವನ್ನು ಎತ್ತಿಕೊಂಡರೆ, ನೀನು ಪಕ್ಕದಲ್ಲಿದ್ದರೆ, ನನ್ನ ಮುಖ ನೋಡಿಯೇ ತಿಳಿದುಕೊಳ್ಳುತ್ತೀಯ ಎಂದು ಹೆದರಿದೆ. ನಾನು ಅನುಮಾನಪಟ್ಟದ್ದು ನಿನ್ನನ್ನಲ್ಲ ಮಗಳೇ. ನೀನು ನನ್ನನ್ನು ಅವನ ತಾಯಿಯೇ ಅಲ್ಲ ಎನ್ನುತ್ತೀಯ ಎಂದು ಅನುಮಾನಪಟ್ಟೆ.

ಅವನಿಗೆ ತಿಳಿದರೆ ನನಗೆ ಯಾರೂ ಇಲ್ಲ. ಅಂಗಿ ಇನ್ನೂ ಪೆಟ್ಟಿಗೆಯಲ್ಲಿದೆ.

ನಿನ್ನ ಅತ್ತೆ ಎಂದು ಬರೆಯಬಹುದೋ ಇಲ್ಲವೋ, ನೀನೇ ಹೇಳು.


ಏಪ್ರಿಲ್ 16

ಅತ್ತೆಗೆ,

ಅತ್ತೆ ಎಂದೇ ಬರೆದಿದ್ದೇನೆ, ನೋಡಿಕೊಳ್ಳಿ. ಎರಡು ತಿಂಗಳು ನಿಮ್ಮನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಅದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ನಿಮ್ಮ ಕಾಗದ ಹಿಡಿದುಕೊಂಡು ಬಚ್ಚಲುಮನೆಯಲ್ಲಿ ನಿಂತು ಅತ್ತೆ.

ವಾಚಾಳಿಯನ್ನು ಮೊದಲು ಕೆಲಸಕ್ಕೆ ಕರೆಯಿರಿ. ಪಕ್ಕೆ ಎಂದು ಬರೆದವಳು ನಾನು.

ಇನ್ನೊಂದು. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ, ಬೇಕಾದರೆ ಲ್ಯಾಬಿನಲ್ಲಿ ಯಾರನ್ನಾದರೂ ಕೇಳಿ. ಮರಿ ಹುಟ್ಟುವಾಗ ನವಿರು ಉಣ್ಣೆಯ ಬೇರುಗಳೆಲ್ಲ ಕಣ್ಣು ಬಿಟ್ಟಿರುವುದಿಲ್ಲ. ಹಲವು ಬೇರುಗಳು ಮೊದಲ ವಾರಗಳಲ್ಲಿ, ಹಾಲು ಕುಡಿಯುವಾಗ, ಉಣ್ಣೆ ಬಿಡಲು ತೊಡಗುತ್ತವೆ. ಹಾಲು ಸಾಲದಿದ್ದರೆ ತೊಡಗುವುದೇ ಇಲ್ಲ. ಹೆತ್ತವಳು ಬರೆದು ಹೋಗಿರುತ್ತಾಳೆ, ಅದರಲ್ಲಿ ಎಷ್ಟು ಮೈಗೆ ಬಂತು ಎಂಬುದು ಹಾಲು ಕೊಟ್ಟವಳ ಕೈಯಲ್ಲಿ. ಮುದುಕಿಯ ಮರಿ ದೊಡ್ಡದಾದ ಮೇಲೆ ಅದರ ಉಣ್ಣೆಯಲ್ಲಿ ಕಿವಿಹರುಕಿಯ ಪಾಲೂ ಇರುತ್ತದೆ. ತಾಯಿ ಯಾರೆಂದು ಮೈ ಹೇಳುತ್ತದೆ ಎಂದು ಬರೆದಿದ್ದೆ. ಅರ್ಧ ಮಾತ್ರ ಹೇಳಿದ್ದೆ.

ನಿಮ್ಮ ಮಗನಿಗೆ ನಾನು ಏನೂ ಹೇಳಿಲ್ಲ. ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು ಎಂದು ತೀರ್ಮಾನಿಸಿದ್ದೆ.

ಆದರೆ ಒಂದು ಅನುಮಾನ. ನಿಮ್ಮ ಲಕೋಟೆ ಈ ಸಲ ಬೆರಳಿಗೇ ಬಿಚ್ಚಿಕೊಂಡಿತು. ಮಡಿಕೆಯಲ್ಲಿ ನಿಮ್ಮ ಮೈದಾ ಅಂಟು ಒಣಗಿ ಪುಡಿಯಾಗಿತ್ತು, ಅದರ ಮೇಲೆ ಇನ್ನೂ ಆರದ ಗೋಂದು. ನೀವು ಗೋಂದು ಕೊಳ್ಳುವವರಲ್ಲ. ನಮ್ಮ ಗೋಂದಿನ ಸೀಸೆಯ ಮುಚ್ಚಳ ಕಿಟಕಿಯ ಪಕ್ಕದಲ್ಲಿ ಬಿದ್ದಿತ್ತು. ನಮ್ಮ ಮನೆಯಲ್ಲಿ ಟಪಾಲು ತರುವವರು ಒಬ್ಬರೇ, ನಿಮ್ಮ ಮಗ.

ನಾನು ಕೇಳಲಿಲ್ಲ. ಇವತ್ತು ಕೆಲಸ ಮುಗಿಸಿ ಬಂದಾಗ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅವಳ ಕೂದಲಿನ ಸಿಕ್ಕನ್ನು ಒಂದೊಂದೇ ಬಿಡಿಸುತ್ತ ಕೂತಿದ್ದರು. ಅಮ್ಮನಿಗೆ ಕಾಗದ ಬರೆಯುತ್ತೇನೆ, ಏನಾದರೂ ಹೇಳಬೇಕೇ ಎಂದೆ. ತಲೆ ಎತ್ತಲಿಲ್ಲ.

"ಅಮ್ಮ ಬರೋವಾಗ ಆ ಅಂಗಿ ತರ್ತಾಳಾ, ಕೇಳು," ಅಂದರು.

ನಿಮ್ಮ ಸೊಸೆ